ಎಲೆ ಕೆಳಗಿಡುವ ವಿದ್ಯೆ

ಮುಧೋಳ ಎಂದ ಕೂಡಲೇ ಕನ್ನಡದ ಓದುಗರಿಗೆ ನೆನಪಾಗುವವನು ರನ್ನ. ಹತ್ತನೆಯ ಶತಮಾನದಲ್ಲಿ ಮುದುವೊಳಲಿನ ಬಳೆಗಾರರ ಮನೆಯಲ್ಲಿ ಜಿನವಲ್ಲಭ ಮತ್ತು ಅಬ್ಬಲಬ್ಬೆಯರ ಮಗನಾಗಿ ಹುಟ್ಟಿ, ಅಜಿತಸೇನಾಚಾರ್ಯರಲ್ಲಿ ಕಲಿತು, ಚಾಲುಕ್ಯರ ಆಸ್ಥಾನದಲ್ಲಿ ಕವಿಚಕ್ರವರ್ತಿಯಾದವನು. ಅವನ ‘ಗದಾಯುದ್ಧ’ವನ್ನು ನಾವು ಯುದ್ಧದ ಕಾವ್ಯವೆಂದು, ಛಲದ ಕಾವ್ಯವೆಂದು ಓದುತ್ತ ಬಂದಿದ್ದೇವೆ. ಅದನ್ನು ಜೂಜಿನ ಕಾವ್ಯವೆಂದೂ ಓದಬಹುದು. ಕಾವ್ಯ ತೆರೆದಾಗ ಆಟ ಮುಗಿದು ಎಷ್ಟೋ ವರ್ಷಗಳಾಗಿವೆ, ದಾಳಗಳು ಎಲ್ಲಿಯೂ ಕಾಣುವುದಿಲ್ಲ. ಆದರೆ ಅಲ್ಲಿ ಬಿದ್ದಿರುವ ಒಂದೊಂದು ಹೆಣವೂ ಹಸ್ತಿನಾವತಿಯ ಆ ಪಗಡೆಯ ಹಾಸಿನ ಮೇಲೆ ಇಟ್ಟ ಪಣದ ಬಾಕಿ.

ಹೀಗೆ ಓದಲು ಇಂದು ಒಂದು ಕಾರಣವೂ ಇದೆ. ರನ್ನನ ಊರಿನ ಸುತ್ತ, ಅಂದರೆ ಮುಧೋಳ, ಜಮಖಂಡಿ, ಬೀಳಗಿ, ರಬಕವಿ-ಬನಹಟ್ಟಿಗಳಲ್ಲಿ, ಇಸ್ಪೀಟು ಗೊತ್ತಿಲ್ಲದ ಓಣಿ ಸಿಗುವುದು ಕಷ್ಟ. ಗುಡಿಯ ಕಟ್ಟೆ, ಹೊಲದ ಬದುವಿನ ಬೇವಿನ ನೆರಳು, ದೀಪಾವಳಿಯ ರಾತ್ರಿ ಯಾರದೋ ಮಾಳಿಗೆ, ಎಲ್ಲೆಡೆ ಆ ಐವತ್ತೆರಡು ಎಲೆಗಳು ಓಡಾಡುತ್ತವೆ. ಪಂಚಮಿ ಹಬ್ಬಕ್ಕೆ ಉತ್ತರ ಕರ್ನಾಟಕದ ಗಂಡಸರು ನಿಂಬೆಹಣ್ಣು ಎಸೆಯುವ ಪಂದ್ಯ ಕಟ್ಟಿ ಕೊಬ್ಬರಿಯನ್ನೋ ತೆಂಗಿನಕಾಯಿಯನ್ನೋ ಪಣಕ್ಕಿಡುವ ರೂಢಿ ಹಳೆಯದು. ಅದು ನಮ್ಮ ಸೀಮೆಯ ಸಣ್ಣ ಪಣದ ಆಟ. ಸೋತವನು ಮನೆಗೆ ಹೋಗಿ ಊಟ ಮಾಡುತ್ತಾನೆ, ಅಷ್ಟೇ. ಅದರ ಪಕ್ಕದಲ್ಲಿಯೇ ಅಂದರ್-ಬಾಹರ್ ಆಡುತ್ತಿದ್ದವರ ಬಂಧನ ಎಂಬ ನಾಲ್ಕು ಸಾಲಿನ ಸುದ್ದಿಯೂ ಪತ್ರಿಕೆಗಳ ಜಿಲ್ಲಾ ಪುಟದಲ್ಲಿ ತಪ್ಪದೆ ಬರುತ್ತಿರುತ್ತದೆ. ಈಚಿನ ವರ್ಷಗಳಲ್ಲಿ ಫೋನಿನ ಮೂಲಕ ಪೋಕರ್ ಕೂಡ ಇದೇ ಕಟ್ಟೆಗೆ ಬಂದು ಕೂತಿತು. ಅದರೊಂದಿಗೆ ಒಂದು ಹೊಸ ಮಾತೂ ಬಂತು: ಇದು ಅದೃಷ್ಟದ ಆಟವಲ್ಲ, ವಿದ್ಯೆ, ಸಣ್ಣ ಪಣದಲ್ಲಿ ಆಡಿ ಚೆನ್ನಾಗಿ ಕಲಿತರೆ ಗೆಲ್ಲಬಹುದು.

ಆ ಮಾತು ಎಷ್ಟು ನಿಜ ಎಂದು ತೂಗಲು ಎರಡು ಬಗೆಯ ಪುಸ್ತಕಗಳನ್ನು ಅಕ್ಕಪಕ್ಕ ಇಟ್ಟು ಓದಬೇಕೆನ್ನಿಸುತ್ತದೆ. ಒಂದು ಕಡೆ ಪೋಕರ್ ಕಲಿಸುವ ಪುಸ್ತಕಗಳು, ಇನ್ನೊಂದು ಕಡೆ ಜೂಜನ್ನು ಕಂಡ ನಮ್ಮ ಕಾವ್ಯಗಳು. ಒಂದನ್ನೊಂದು ಪರೀಕ್ಷೆ ಮಾಡುವ ಶಕ್ತಿ ಇವೆರಡಕ್ಕೂ ಇದೆ.

ಪೋಕರಿಗೆ ಗಂಭೀರವಾದ ಬರಹದ ಪರಂಪರೆಯೇ ಇದೆ. ವಾನ್ ನಾಯ್‌ಮನ್ ಮತ್ತು ಮಾರ್ಗೆನ್‌ಸ್ಟರ್ನ್ 1944ರಲ್ಲಿ ಹೊರತಂದ ಆಟಗಳ ಸಿದ್ಧಾಂತದ ಗ್ರಂಥ ಪೋಕರಿನ ಹುಸಿ ಬೆದರಿಕೆಯನ್ನು, ಅಂದರೆ ಬ್ಲಫ್ ಅನ್ನು, ಗಣಿತದಿಂದ ಬಿಡಿಸಿ ತೋರಿಸಿತು. ಡೇವಿಡ್ ಸ್ಕ್ಲಾನ್ಸ್ಕಿಯ ‘ದ ಥಿಯರಿ ಆಫ್ ಪೋಕರ್’ ಆಟಗಾರರ ಪಾಲಿಗೆ ವ್ಯಾಕರಣದಂತಾಯಿತು. ಅದರ ಮೂಲಸೂತ್ರ ಸರಳ: ಎದುರಾಳಿಯ ಎಲೆಗಳು ಕಣ್ಣಿಗೆ ಕಂಡಿದ್ದರೆ ನೀನು ಹೇಗೆ ಆಡುತ್ತಿದ್ದೆಯೋ ಅದಕ್ಕಿಂತ ಬೇರೆಯಾಗಿ ಆಡಿದಾಗಲೆಲ್ಲ ನಿನಗೆ ನಷ್ಟ, ಅವನಿಗೆ ಲಾಭ. ಎಡ್ ಮಿಲ್ಲರ್, ಸ್ಕ್ಲಾನ್ಸ್ಕಿ ಮತ್ತು ಮೇಸನ್ ಮಾಲ್ಮತ್ ಸೇರಿ 2004ರಲ್ಲಿ ಬರೆದ ‘ಸ್ಮಾಲ್ ಸ್ಟೇಕ್ಸ್ ಹೋಲ್ಡೆಮ್’ ಸಣ್ಣ ಪಣದ ಮೇಜುಗಳಿಗಾಗಿಯೇ ಬರೆದದ್ದು.

ಈ ಪುಸ್ತಕಗಳು ‘ಗಟ್ಟಿ ಆಟ’ ಎನ್ನುವುದರ ತಿರುಳು ನಾಲ್ಕೈದು ಮಾತಿನಲ್ಲಿ ಮುಗಿಯುತ್ತದೆ. ಮೊದಲನೆಯದು, ಹೆಚ್ಚು ಸಲ ಎಲೆ ಕೆಳಗಿಡು. ನಮ್ಮ ಮೂರೆಲೆ ಆಟದ ಲೆಕ್ಕವನ್ನೇ ತೆಗೆದುಕೊಳ್ಳಿ. ಐವತ್ತೆರಡು ಎಲೆಗಳಿಂದ ಮೂರನ್ನು 22,100 ಬಗೆಯಲ್ಲಿ ಎತ್ತಬಹುದು. ಅದರಲ್ಲಿ ಮೂರೂ ಒಂದೇ ಆಗಿ ಬರುವುದು 52 ಬಗೆ, ಅಂದರೆ 425ಕ್ಕೆ ಒಂದು ಸಲ. ಜೋಡಿ ಬರುವುದು ಸುಮಾರು ಆರಕ್ಕೆ ಒಂದು ಸಲ. ಸರಿಸುಮಾರು ನಾಲ್ಕರಲ್ಲಿ ಮೂರು ಸಲ ಕೈಗೆ ಬರುವುದು ಜೋಡಿಯೂ ಅಲ್ಲದ, ವರಸೆಯೂ ಅಲ್ಲದ ಬರಿಯ ಎಲೆ. ಹಾಗಿದ್ದರೂ ಪ್ರತಿ ಸಲವೂ ಆಡುವವನು ಲೆಕ್ಕದ ವಿರುದ್ಧ ನಿಂತಿದ್ದಾನೆ. ಬ್ಲೈಂಡ್ ಆಡುತ್ತಲೇ ಹೋಗುವವನನ್ನು ಕಟ್ಟೆಯ ಮೇಲೆ ಗಂಡೆದೆಯವನೆಂದು ಹೊಗಳುತ್ತಾರೆ. ಪ್ಯಾಕ್ ಮಾಡುವವನನ್ನು ಪುಕ್ಕಲನೆಂದು ನಗುತ್ತಾರೆ. ಪುಸ್ತಕ ಈ ಎರಡು ಹೆಸರುಗಳನ್ನೂ ಅದಲುಬದಲು ಮಾಡುತ್ತದೆ.

ಎರಡನೆಯದು, ನಡುವೆ ಬಿದ್ದಿರುವ ಹಣವನ್ನು ಎಣಿಸು. ನಡುವೆ 80 ರೂಪಾಯಿ ಇದೆ, ಮುಂದಿನ ಎಲೆ ನೋಡಲು ನೀನು 20 ಹಾಕಬೇಕು. ಹಾಕಿದ ಮೇಲೆ ಅಲ್ಲಿರುವುದು 100. ಐದರಲ್ಲಿ ಒಂದು ಸಲ ಗೆದ್ದರೆ ಹಾಕಿದ್ದಕ್ಕೆ ಸಮ. ಇಸ್ಪೀಟಿನ ನಾಲ್ಕು ಎಲೆ ಕೂಡಿವೆ, ಐದನೆಯದಕ್ಕಾಗಿ ಕಾಯುತ್ತಿದ್ದೀಯೆ ಎನ್ನೋಣ. ಕಾಣದ 46 ಎಲೆಗಳಲ್ಲಿ ನಿನಗೆ ಬೇಕಾದವು 9, ಅಂದರೆ ಹೆಚ್ಚುಕಡಿಮೆ ಐದರಲ್ಲಿ ಒಂದು. ತಕ್ಕಡಿ ಸಮಕ್ಕೆ ಬಂತು. ನಡುವೆ 40 ಮಾತ್ರ ಇದ್ದು ಅದೇ 20 ಹಾಕಬೇಕಾಗಿದ್ದರೆ ಮೂರರಲ್ಲಿ ಒಂದು ಸಲ ಗೆಲ್ಲಬೇಕು. ಆಗ ಎಲೆ ಕೆಳಗಿಡುವುದೇ ವಿದ್ಯೆ. ಕೈಯಲ್ಲಿರುವ ಎಲೆ ಎರಡೂ ಕಡೆ ಒಂದೇ, ಬೆಲೆ ಬದಲಾಗಿದೆ.

ಮೂರನೆಯದು, ಕೊನೆಗೆ ಮಾತಾಡುವ ಜಾಗದಲ್ಲಿ ಕೂಡು. ಉಳಿದವರು ಏನು ಮಾಡಿದರೆಂದು ನೋಡಿ ಆಡುವವನಿಗೆ ಹೆಚ್ಚು ತಿಳಿದಿರುತ್ತದೆ. ನಾಲ್ಕನೆಯದು, ಸಣ್ಣ ಪಣದಲ್ಲಿ ಬೆದರಿಸಲು ಹೋಗಬೇಡ. ಹತ್ತು ರೂಪಾಯಿಗೆ ಯಾರೂ ಹೆದರುವುದಿಲ್ಲ, ‘ನೋಡೇಬಿಡೂಣು’ ಎಂದು ಎದುರಿನವನು ಹಾಕಿಯೇ ಹಾಕುತ್ತಾನೆ. ಒಳ್ಳೆಯ ಎಲೆ ಬಂದಾಗ ಧಾರಾಳವಾಗಿ ಹಾಕು, ಬರದಿದ್ದಾಗ ಸುಮ್ಮನಿರು. ಕೊನೆಯದು, ಎಲ್ಲಕ್ಕಿಂತ ದೊಡ್ಡದು: ಆಟದ ಹಣ ಬೇರೆ, ಮನೆಯ ಹಣ ಬೇರೆ. ಒಂದು ಕೂಟಕ್ಕೆ 500 ರೂಪಾಯಿ ತೆಗೆದುಕೊಂಡು ಕೂಡುವವನ ಹತ್ತಿರ ಅಂಥ ಇಪ್ಪತ್ತು ಕೂಟಗಳಿಗಾಗುವಷ್ಟು, ಹೋದರೂ ಹೋಯಿತೆನ್ನುವಂಥ, ಬೇರೆ ಹಣ ಇರಬೇಕು. ಸೋತ ಸಿಟ್ಟಿನಲ್ಲಿ ಪಣ ಏರಿಸಬಾರದು. ಆ ಸಿಟ್ಟಿಗೆ ಪೋಕರಿನವರು ‘ಟಿಲ್ಟ್’ ಎನ್ನುತ್ತಾರೆ, ವಾಲುವುದು ಎಂಬ ಅರ್ಥದಲ್ಲಿ.

ಈ ಐದು ಮಾತುಗಳನ್ನು ಹಿಡಿದುಕೊಂಡು ಹಸ್ತಿನಾವತಿಯ ಸಭೆಗೆ ಹೋದರೆ ಕಾಣುವುದೇನು? ಧರ್ಮರಾಯ ಐದನ್ನೂ ಮುರಿದಿದ್ದಾನೆ. ಸಭೆ ಎದುರಾಳಿಯದು, ದಾಳವೂ ಎದುರಾಳಿಯದು. ದುರ್ಯೋಧನ ತಾನು ಆಡದೆ ಶಕುನಿಯನ್ನು ಕೂಡಿಸುತ್ತಾನೆ. ಹಣ ಒಬ್ಬನದು, ಕೈ ಇನ್ನೊಬ್ಬನದು. ವಿದುರ ಮೊದಲೇ ಎಚ್ಚರಿಸಿದ್ದಾನೆ. ಕರೆದಾಗ ಹೋಗದಿರುವುದು ಕ್ಷತ್ರಿಯನಿಗೆ ತಕ್ಕುದಲ್ಲ ಎಂಬ ಒಂದೇ ಕಾರಣಕ್ಕೆ ಅವನು ಬಂದು ಕೂಡುತ್ತಾನೆ. ವ್ಯಾಸಭಾರತದ ಆ ಭಾಗವನ್ನು ನಿಧಾನವಾಗಿ ಓದಿದರೆ ಒಂದು ವಿಚಿತ್ರ ಕಣ್ಣಿಗೆ ಬೀಳುತ್ತದೆ. ಪ್ರತಿ ಸಲವೂ ಧರ್ಮರಾಯ ತನ್ನ ಪಣವನ್ನು ಮೊದಲು ಹೇಳುತ್ತಾನೆ, ಆಮೇಲೆ ಶಕುನಿ ದಾಳ ಉರುಳಿಸಿ ಗೆದ್ದೆನೆನ್ನುತ್ತಾನೆ. ಧರ್ಮರಾಯ ದಾಳ ಮುಟ್ಟುವುದು ನಮಗೆ ಕಾಣುವುದೇ ಇಲ್ಲ. ಅವನ ಕೆಲಸ ಪಣದ ವರ್ಣನೆ ಮಾತ್ರ. ಮಣಿ, ರಥ, ಆನೆ, ದಾಸದಾಸಿಯರು, ಒಂದು ಹೋದಂತೆ ಇನ್ನೊಂದನ್ನು ಅವನು ಎಷ್ಟು ಸೊಗಸಾಗಿ ಬಣ್ಣಿಸುತ್ತಾನೆಂದರೆ, ಕಳೆದುಕೊಳ್ಳುವ ಮುಂಚೆ ತನಗಿದ್ದ ಐಶ್ವರ್ಯವನ್ನು ಕೊನೆಯ ಸಲ ಕಣ್ತುಂಬ ನೋಡಿಕೊಳ್ಳುತ್ತಿದ್ದಾನೇನೋ ಎನ್ನಿಸುತ್ತದೆ. ಸೋತಷ್ಟೂ ಪಣ ದೊಡ್ಡದಾಗುತ್ತದೆ. ನಕುಲ, ಸಹದೇವ, ಅರ್ಜುನ, ಭೀಮ, ಆಮೇಲೆ ತಾನು, ಕಡೆಗೆ ದ್ರೌಪದಿ.

ಶಕುನಿಯ ಮೋಸದ ದಾಳವೇ ಕಾರಣ ಎಂದು ನಮ್ಮ ಹಳ್ಳಿಯ ಆಟಗಳು, ಹರಿಕಥೆಗಳು ಹೇಳುತ್ತ ಬಂದಿವೆ. ಆ ವಿವರಣೆ ಧರ್ಮರಾಯನನ್ನು ಉಳಿಸುತ್ತದೆ. ಆದರೆ ದಾಳ ನೆಟ್ಟಗಿದ್ದರೂ ಈ ಬಗೆಯಲ್ಲಿ ಆಡುವವನು ಎದ್ದು ಹೋಗುವುದು ಬರಿಗೈಯಲ್ಲಿಯೇ. ಸೋತಾಗ ಏರಿಸುತ್ತ, ಎಲ್ಲಿ ನಿಲ್ಲಬೇಕೆಂದು ಮೊದಲೇ ಗೊತ್ತುಮಾಡಿಕೊಳ್ಳದೆ ಆಡುವವನನ್ನು ಸೋಲಿಸಲು ಮೋಸ ಬೇಕಾಗುವುದಿಲ್ಲ, ಹೊತ್ತು ಸಾಕು. ಶಕುನಿಯನ್ನು ಬಯ್ಯುವುದರಲ್ಲಿ ನಾವು ಈ ಪಾಠವನ್ನು ಮರೆತೆವು.

ಆ ಸಭೆಯಲ್ಲಿ ಆಟವನ್ನು ಸರಿಯಾಗಿ ಓದಿದವಳು ದ್ರೌಪದಿ ಒಬ್ಬಳೇ. ಅವಳು ಕೇಳುವುದು ದಾಳದ ಬಗ್ಗೆ ಅಲ್ಲ. ಗಂಡ ಮೊದಲು ಸೋತದ್ದು ತನ್ನನ್ನೋ ಅವಳನ್ನೋ ಎಂಬುದು ಅವಳ ಪ್ರಶ್ನೆ. ತನ್ನನ್ನೇ ಕಳೆದುಕೊಂಡವನಿಗೆ ಇನ್ನೊಬ್ಬರನ್ನು ಒಡ್ಡುವ ಹಕ್ಕು ಎಲ್ಲಿಂದ ಬಂತು? ಭೀಷ್ಮನೂ ಉತ್ತರ ಹೇಳಲಾರದೆ ಧರ್ಮ ಸೂಕ್ಷ್ಮವೆಂದು ತಡವರಿಸುತ್ತಾನೆ. ಇದನ್ನು ಧರ್ಮಶಾಸ್ತ್ರದ ಪ್ರಶ್ನೆ ಎಂದು, ಹೆಣ್ಣಿನ ಸ್ವಾತಂತ್ರ್ಯದ ಪ್ರಶ್ನೆ ಎಂದು ನಾವು ಚರ್ಚಿಸಿದ್ದೇವೆ, ಅದು ಸರಿಯೇ. ಅದರ ಜೊತೆಗೆ ಅದು ಜೂಜಿನ ಮೊದಲ ಪ್ರಶ್ನೆಯೂ ಹೌದು. ನೀನು ಹಾಸಿನ ಮೇಲೆ ಇಡುತ್ತಿರುವುದು ಯಾರದು? ಪೋಕರ್ ಪುಸ್ತಕ ‘ಆಟದ ಹಣ ಬೇರೆ ಇಡು’ ಎಂದು ಒಣಗಿದ ಭಾಷೆಯಲ್ಲಿ ಹೇಳುವುದನ್ನೇ ದ್ರೌಪದಿ ತುಂಬಿದ ಸಭೆಯಲ್ಲಿ ನಿಂತು ಕೇಳುತ್ತಿದ್ದಾಳೆ. ಪುಸ್ತಕಕ್ಕೆ ಅದು ಗೆಲ್ಲುವ ಉಪಾಯ. ಅವಳಿಗೆ ಅದು ಬದುಕಿನ ಪ್ರಶ್ನೆ, ಏಕೆಂದರೆ ಪಣವಾಗಿದ್ದವಳು ಅವಳೇ.

ಹಾಗಾದರೆ ಕಲಿತು ಆಡಿದರೆ? ಅದಕ್ಕೂ ನಮ್ಮಲ್ಲಿ ಒಂದು ಕಥೆ ಇದೆ. ಕನಕದಾಸರು ಭಾಮಿನಿ ಷಟ್ಪದಿಯಲ್ಲಿ ‘ನಳಚರಿತ್ರೆ’ಯಾಗಿ ಹಾಡಿದ ನಳನ ಕಥೆ. ಪುಷ್ಕರನೊಡನೆ ಜೂಜಾಡಿ ರಾಜ್ಯ ಕಳೆದುಕೊಂಡು, ದಮಯಂತಿಯನ್ನು ಕಾಡಿನಲ್ಲಿ ಬಿಟ್ಟು, ರೂಪ ಕೆಟ್ಟು ಬಾಹುಕನೆಂಬ ಹೆಸರಿನಲ್ಲಿ ಋತುಪರ್ಣನ ಸಾರಥಿಯಾಗುವ ನಳ. ವ್ಯಾಸರ ನಳೋಪಾಖ್ಯಾನದಲ್ಲಿ ಒಂದು ಸನ್ನಿವೇಶ ಬರುತ್ತದೆ. ಓಡುತ್ತಿರುವ ರಥದಿಂದ ಋತುಪರ್ಣ ಒಂದು ತಾರೆ ಮರವನ್ನು ನೋಡಿ ಅದರ ಕೊಂಬೆಗಳಲ್ಲಿ ಎಷ್ಟು ಎಲೆ, ಎಷ್ಟು ಕಾಯಿ ಇವೆಯೆಂದು ಹೇಳಿಬಿಡುತ್ತಾನೆ. ಕಾಯಿ 2,095. ನಳನಿಗೆ ನಂಬಿಕೆಯಾಗುವುದಿಲ್ಲ. ರಥ ನಿಲ್ಲಿಸಿ, ಮರವನ್ನೇ ಕಡಿದು ಎಣಿಸುತ್ತಾನೆ. ಲೆಕ್ಕ ಸರಿಯಾಗುತ್ತದೆ. ಕುದುರೆಯ ವಿದ್ಯೆಯನ್ನು ಕೊಟ್ಟು ಅಕ್ಷಹೃದಯವನ್ನು, ಅಂದರೆ ದಾಳದ ಒಳಗುಟ್ಟನ್ನು, ಅವನಿಂದ ಪಡೆಯುತ್ತಾನೆ. ಪಡೆದ ಗಳಿಗೆಯಲ್ಲಿಯೇ ಅವನ ಮೈ ಹೊಕ್ಕಿದ್ದ ಕಲಿ ಹೊರಬಿದ್ದು ಅದೇ ಮರದಲ್ಲಿ ಅಡಗುತ್ತಾನೆ.

ತಾರೆ ಕಾಯಿ ಹಳೆಯ ಕಾಲದಲ್ಲಿ ದಾಳವಾಗಿ ಬಳಕೆಯಾಗುತ್ತಿದ್ದ ಕಾಯಿ. ಜೂಜಿನ ಕಾಯಿ ಬಿಡುವ ಮರದ ಕೆಳಗೆ ನಿಂತು ಎಣಿಸಲು ಕಲಿಯುವ ಈ ದೃಶ್ಯವನ್ನು ಸಂಭವನೀಯತೆಯ ಚರಿತ್ರೆ ಬರೆದ ಇಯಾನ್ ಹ್ಯಾಕಿಂಗ್ ಕೂಡ ತನ್ನ 1975ರ ಪುಸ್ತಕದಲ್ಲಿ ಗಮನಿಸಿದ್ದಾನೆ. ಇಡೀ ಮರವನ್ನು ಎಣಿಸದೆ ಒಂದು ಭಾಗದಿಂದ ಮೊತ್ತವನ್ನು ಊಹಿಸುವುದು, ಆ ಊಹೆಯನ್ನು ಎಣಿಸಿ ಪರೀಕ್ಷಿಸುವುದು, ಇವೆರಡೂ ಅಲ್ಲಿವೆ. ಕಲಿ ಬಿಟ್ಟುಹೋಗುವುದು ಮಂತ್ರದಿಂದಲೋ ಪ್ರಾಯಶ್ಚಿತ್ತದಿಂದಲೋ ಅಲ್ಲ, ಲೆಕ್ಕ ತಿಳಿದಾಗ. ಇದು ನಮ್ಮ ಕಥೆಗಳಲ್ಲಿ ಅಪರೂಪವಾದ ನಂಬಿಕೆ.

ಆದರೆ ಕಥೆ ಅಲ್ಲಿಂದ ಮುಂದೆ ಎಡವುತ್ತದೆ ಎಂದೇ ಹೇಳಬೇಕು. ವಿದ್ಯೆ ಕಲಿತ ನಳ ಪುಷ್ಕರನನ್ನು ಮತ್ತೆ ಕರೆದು, ಎಲ್ಲವನ್ನೂ ಒಂದೇ ಎಸೆತಕ್ಕೆ ಒಡ್ಡಿ ಗೆಲ್ಲುತ್ತಾನೆ. ಸೋತ ಪುಷ್ಕರನನ್ನು ಕ್ಷಮಿಸಿ ಅವನ ಪಾಲನ್ನು ಕೊಟ್ಟು ಕಳಿಸುವ ದೊಡ್ಡತನ ಸರಿ. ಆದರೆ ಎಣಿಸಲು ಕಲಿತವನು ಒಂದೇ ಎಸೆತಕ್ಕೆ ಇಷ್ಟನ್ನು ಇಡುವನೇ? ಸ್ಕ್ಲಾನ್ಸ್ಕಿಯ ಓದುಗ ಇಲ್ಲಿ ತಲೆಯಾಡಿಸುತ್ತಾನೆ. ಲೆಕ್ಕ ನೂರು ಎಸೆತಗಳಲ್ಲಿ ನಿನ್ನ ಪರವಾಗಬಹುದು, ಒಂದು ಎಸೆತಕ್ಕೆ ಅದು ಯಾವ ಭರವಸೆಯನ್ನೂ ಕೊಡುವುದಿಲ್ಲ. ಕಥೆಗೆ ಮುಕ್ತಾಯ ಬೇಕಾಗಿತ್ತು, ಅದಕ್ಕೆ ವಿದ್ಯೆಯನ್ನು ಪವಾಡವಾಗಿ ಬದಲಾಯಿಸಿತು. ಫೋನಿನಲ್ಲಿ ಪೋಕರ್ ಮಾರಲು ಬಂದ ಜಾಹೀರಾತುಗಳು ಹೇಳುತ್ತಿದ್ದುದೂ ನಳನ ಕಥೆಯ ಈ ಕೊನೆಯನ್ನೇ: ಕಲಿ, ಒಂದು ಸಲ ಕೂಡು, ಎಲ್ಲ ವಾಪಸ್ಸು ಬರುತ್ತದೆ. ತಾರೆ ಮರದ ಕೆಳಗಿನ ಎಣಿಕೆ ಜಾಹೀರಾತಿನಲ್ಲಿ ಇರುವುದಿಲ್ಲ.

ಈಗ ರನ್ನನ ಬಳಿಗೆ ಬರೋಣ. ‘ಗದಾಯುದ್ಧ’ದ ಕ್ರಮಕ್ಕೆ ಅವನೇ ಕೊಟ್ಟ ಹೆಸರು ಸಿಂಹಾವಲೋಕನ. ಮುಂದೆ ನಡೆಯುತ್ತ ಹಿಂದಿರುಗಿ ನೋಡುವ ಸಿಂಹದಂತೆ, ಒಂದು ದಿನದ ಕಥೆಯೊಳಗೆ ಇಡೀ ಭಾರತವನ್ನು ಹಿಂದಿರುಗಿ ನೋಡುವುದು. ಆಡಿ ಮುಗಿದ ಆಟವನ್ನು ಒಂದೊಂದೇ ಎಲೆಯಾಗಿ ಮತ್ತೆ ಹರಡಿ, ಎಲ್ಲಿ ಏನಾಯಿತೆಂದು ನೋಡುವುದೇ ಪೋಕರ್ ಕಲಿಯುವವರ ದಿನದ ಅಭ್ಯಾಸ. ಮುಧೋಳದ ಕವಿ ಅದನ್ನು ಸಾವಿರ ವರ್ಷದ ಹಿಂದೆ ಕಾವ್ಯದ ಕಟ್ಟಡವನ್ನಾಗಿ ಮಾಡಿದ.

ದುರ್ಯೋಧನ ಸಂಜಯನ ಜೊತೆ ರಣರಂಗದಲ್ಲಿ ನಡೆಯುತ್ತಾನೆ. ದ್ರೋಣ, ಅಭಿಮನ್ಯು, ಮಗ ಲಕ್ಷಣಕುಮಾರ, ದುಶ್ಶಾಸನ, ಕರ್ಣ, ಒಬ್ಬೊಬ್ಬರ ಮುಂದೆ ನಿಲ್ಲುತ್ತಾನೆ. ಪ್ರತಿಯೊಂದು ಹೆಣವೂ ಅವನು ಹಾಕಿ ಕಳೆದುಕೊಂಡ ಪಣ. ತಂದೆತಾಯಿ ಸಂಧಿ ಮಾಡಿಕೊ ಎಂದು ಬೇಡುತ್ತಾರೆ. ಶರಶಯ್ಯೆಯಲ್ಲಿರುವ ಭೀಷ್ಮನೂ ಅದನ್ನೇ ಹೇಳುತ್ತಾನೆ. ಅವನ ಉತ್ತರ ಕನ್ನಡದ ವಿದ್ಯಾರ್ಥಿಗಳಿಗೆಲ್ಲ ಗೊತ್ತಿರುವಂಥದು: ತನ್ನ ಹೋರಾಟ ನೆಲಕ್ಕಾಗಿ ಅಲ್ಲ, ಛಲಕ್ಕಾಗಿ, ಇಷ್ಟು ಜನ ಸತ್ತ ಮೇಲೆ ಸಂಧಿ ಮಾಡಿಕೊಂಡು ಬದುಕುವುದು ತನಗೆ ಸಲ್ಲದು. ಈ ಮಾತಿನ ಎತ್ತರಕ್ಕೆ ನಾವು ಮಾರುಹೋಗಿದ್ದೇವೆ. ಬಿ.ಎಂ.ಶ್ರೀ ಈ ಕಾವ್ಯವನ್ನು ನಾಟಕವಾಗಿಸಿ ದುರ್ಯೋಧನನನ್ನು ಗ್ರೀಕ್ ರುದ್ರನಾಯಕರ ಸಾಲಿನಲ್ಲಿ ನಿಲ್ಲಿಸಿದ ಮೇಲಂತೂ ಛಲದಂಕಮಲ್ಲನ ಹೆಸರು ತರಗತಿಗಳಲ್ಲಿ ಹೊಗಳಿಕೆಯಾಗಿ ಉಳಿಯಿತು.

ಜೂಜಿನ ಕಣ್ಣಿನಿಂದ ನೋಡಿದರೆ ಆ ಮಾತಿನ ಇನ್ನೊಂದು ಮುಖ ಕಾಣುತ್ತದೆ. ಇಷ್ಟು ಹಾಕಿದ್ದೇನೆ, ಈಗ ಹೇಗೆ ಬಿಡಲಿ? ಕಟ್ಟೆಯ ಮೇಲೆ ಸೋಲುತ್ತಿರುವ ಪ್ರತಿಯೊಬ್ಬನ ಬಾಯಲ್ಲೂ ಇರುವುದು ಇದೇ. ಹಾಕಿದ ಹಣ ಆಗಲೇ ನಿನ್ನದಲ್ಲ, ಮುಂದಿನ ನಿರ್ಧಾರಕ್ಕೆ ಅದು ಕಾರಣವಾಗಬಾರದು ಎಂದು ಪುಸ್ತಕ ಹೇಳುತ್ತದೆ. ಆದರೆ ಸತ್ತವರು ಹಣವಲ್ಲ. ಕರ್ಣ ಹೋದ ಮೇಲೆ ಉಳಿದದ್ದನ್ನು ಲೆಕ್ಕ ಹಾಕಿ ಜಾಣತನದಿಂದ ಎದ್ದು ಬರುವ ದುರ್ಯೋಧನನನ್ನು ನಾವು ಗೌರವಿಸಬಲ್ಲೆವೇ? ಇಲ್ಲ. ಕಾವ್ಯದ ನ್ಯಾಯಕ್ಕೂ ಆಟದ ನ್ಯಾಯಕ್ಕೂ ಇರುವ ಅಂತರ ಇದು, ಇದನ್ನು ಮುಚ್ಚಿಡಬಾರದು. ತೊಂದರೆ ಆಗುವುದು ಒಂದರ ಗುಣವನ್ನು ಇನ್ನೊಂದರೊಳಗೆ ತಂದಾಗ. ಕರ್ಣನ ಹೆಣದ ಮುಂದೆ ಛಲ ನಿಷ್ಠೆಯಾಗುತ್ತದೆ. ಮೂರೆಲೆಯ ಮುಂದೆ ಅದೇ ಛಲ ಬರಿಯ ಹಟ.

ರನ್ನನಿಗೆ ಈ ವ್ಯತ್ಯಾಸ ಗೊತ್ತಿತ್ತೆಂದು ನನಗೆ ಅನ್ನಿಸುವುದು ವೈಶಂಪಾಯನ ಸರೋವರದ ಪ್ರಸಂಗದಲ್ಲಿ. ಸಂಧಿ ಬೇಡವಾದರೆ ಒಂದು ದಿನವಾದರೂ ಕಾಯಿ, ಕೊಳದಲ್ಲಿ ಅಡಗಿರು, ನಿನ್ನ ಕಡೆಯವರು ಬಂದು ಸೇರಲಿ ಎಂದು ಭೀಷ್ಮ ಉಪಾಯ ಹೇಳಿದ್ದಾನೆ. ಅದು ಒಳ್ಳೆಯ ಉಪಾಯ. ಎಲೆ ಕೆಟ್ಟದಿದ್ದಾಗ ಸುಮ್ಮನೆ ಕೂತು ಹೊತ್ತು ಕಳೆಯುವ ಉಪಾಯ. ದುರ್ಯೋಧನ ಅದನ್ನು ಪಾಲಿಸುತ್ತಾನೆ ಕೂಡ. ಆಮೇಲೆ ಭೀಮ ದಡದಲ್ಲಿ ನಿಂತು ಮೂದಲಿಸುತ್ತಾನೆ. ನೀರಿನೊಳಗಿದ್ದೂ ದುರ್ಯೋಧನ ಬೆವರುತ್ತಾನೆ. ಕನ್ನಡ ಕಾವ್ಯದಲ್ಲಿ ಸಿಟ್ಟಿನ ಇಷ್ಟು ನಿಖರವಾದ ಚಿತ್ರ ಇನ್ನೊಂದು ಇರಲಾರದು. ತಣ್ಣಗಿರಬೇಕಾದ ಜಾಗದಲ್ಲಿ, ತಣ್ಣಗಿರಲೆಂದೇ ಆಯ್ದುಕೊಂಡ ಜಾಗದಲ್ಲಿ, ಒಬ್ಬನ ಮಾತು ಮೈಯನ್ನು ಕಾಯಿಸಿಬಿಡುತ್ತದೆ. ಅವನು ಎದ್ದು ಹೊರಗೆ ಬರುತ್ತಾನೆ. ಭೀಮ ಗೆದ್ದದ್ದು ಗದೆಯಿಂದ ಆಮೇಲೆ, ಮಾತಿನಿಂದ ಆಗಲೇ. ‘ಟಿಲ್ಟ್’ ಎಂಬ ಶಬ್ದಕ್ಕೆ ಪೋಕರ್ ಪುಸ್ತಕಗಳು ಪುಟಗಟ್ಟಲೆ ಕೊಡುವ ವಿವರಣೆ ಈ ಒಂದು ಬೆವರಿನಲ್ಲಿದೆ.

ಕಾವ್ಯದ ಕೊನೆಯಲ್ಲಿ ಪಟ್ಟ ಕಟ್ಟಿಸಿಕೊಳ್ಳುವವನು ಭೀಮ, ಧರ್ಮರಾಯನಲ್ಲ. ಆಶ್ರಯದಾತ ಸತ್ಯಾಶ್ರಯನನ್ನು ಭೀಮನಿಗೆ ಹೋಲಿಸಿದ್ದರಿಂದ ರನ್ನನಿಗೆ ಇದು ಅನಿವಾರ್ಯವಾಗಿತ್ತೆಂದು ವಿಮರ್ಶಕರು ವಿವರಿಸುತ್ತಾರೆ. ಕಾರಣ ಅದೇ ಇರಲಿ, ಪರಿಣಾಮ ಬೇರೆಯದೇ: ರಾಜ್ಯವನ್ನು ಪಣಕ್ಕಿಟ್ಟವನ ಕೈಗೆ ರನ್ನ ಅದನ್ನು ಮತ್ತೆ ಕೊಡಲಿಲ್ಲ.

ಧರ್ಮರಾಯನಿಗೆ ನ್ಯಾಯ ಸಿಗುವುದು ಬೇರೆ ಕಡೆ, ವಿರಾಟಪರ್ವದಲ್ಲಿ. ನಳನ ಕಥೆ ಹೇಳಿ ಮುಗಿಸಿದ ಬೃಹದಶ್ವ ಮುನಿ ವನದಲ್ಲಿ ಅವನಿಗೂ ಅಕ್ಷಹೃದಯವನ್ನು ಉಪದೇಶಿಸಿರುತ್ತಾನೆ. ಮತ್ತೆ ಯಾರಾದರೂ ಆಟಕ್ಕೆ ಕರೆದಾರೆಂಬ ಹೆದರಿಕೆ ಅವನನ್ನು ಬಿಟ್ಟಿರಲಿಲ್ಲ. ಅಜ್ಞಾತವಾಸದ ವರ್ಷದಲ್ಲಿ ಅವನು ಕಂಕನಾಗಿ ವಿರಾಟನ ಮುಂದೆ ಕೂಡುತ್ತಾನೆ. ಕೆಲಸವೇ ಜೂಜು. ಗೆದ್ದದ್ದನ್ನು ಗುಟ್ಟಾಗಿ ತಮ್ಮಂದಿರಿಗೆ ಹಂಚುತ್ತಾನೆ. ನಮ್ಮ ಇಡೀ ಪರಂಪರೆಯಲ್ಲಿ ಸಣ್ಣ ಪಣದ ಗಟ್ಟಿ ಆಟಗಾರನೆಂದರೆ ಈ ಕಂಕನೇ. ರಾಜ್ಯವಿಲ್ಲ, ಹೆಂಡತಿಯನ್ನು ಒಡ್ಡುವಂತಿಲ್ಲ, ಹೆಸರು ಕೂಡ ತನ್ನದಲ್ಲ. ಕಳೆದುಕೊಳ್ಳಬಹುದಾದ್ದು ಎಷ್ಟೆಂದು ಗೊತ್ತಿದೆ. ದಿನವೂ ಆಡುತ್ತಾನೆ, ದಿನವೂ ಏಳುತ್ತಾನೆ.

ಗೋಗ್ರಹಣದ ದಿನ ಮಗ ಉತ್ತರ ಕೌರವರನ್ನು ಗೆದ್ದನೆಂಬ ಹಿಗ್ಗಿನಲ್ಲಿ ವಿರಾಟ ಅವನನ್ನು ಆಟಕ್ಕೆ ಕರೆಯುತ್ತಾನೆ. ಆಗ ಕಂಕ ಹೇಳುವ ಮಾತು ಗಮನಿಸಬೇಕಾದ್ದು: ಜೂಜು ಬೇಡ, ಯುಧಿಷ್ಠಿರನೆಂಬವನು ಇದರಲ್ಲಿ ರಾಜ್ಯವನ್ನೂ ತಮ್ಮಂದಿರನ್ನೂ ಕಳೆದುಕೊಂಡದ್ದು ನಿನಗೆ ಗೊತ್ತಿಲ್ಲವೇ? ತನ್ನ ಆಟವನ್ನು ತಾನೇ ಇನ್ನೊಬ್ಬನ ಕಥೆಯಂತೆ ಹಿಂದಿರುಗಿ ನೋಡಬಲ್ಲಷ್ಟು ಅವನು ದೂರ ಬಂದಿದ್ದಾನೆ. ಗೆದ್ದದ್ದು ಬೃಹನ್ನಳೆಯಿಂದ ಎಂದು ಹಟ ಹಿಡಿದು ಹೇಳಿದ್ದಕ್ಕೆ ವಿರಾಟ ದಾಳದಿಂದಲೇ ಅವನ ಮುಖಕ್ಕೆ ಹೊಡೆಯುತ್ತಾನೆ. ಮೂಗಿನಿಂದ ರಕ್ತ ಸುರಿಯುತ್ತದೆ. ಅದು ನೆಲಕ್ಕೆ ಬೀಳದಂತೆ ಕಂಕ ಕೈಯೊಡ್ಡುತ್ತಾನೆ, ಸೈರಂಧ್ರಿ ಪಾತ್ರೆ ಹಿಡಿಯುತ್ತಾಳೆ. ದುರ್ಯೋಧನ ಒಂದು ಮೂದಲಿಕೆಗೆ ನೀರಿನಿಂದ ಎದ್ದು ಬಂದ. ಇವನು ರಕ್ತ ಸುರಿದರೂ ಕೂತ ಜಾಗದಿಂದ ಕದಲಲಿಲ್ಲ. ಪಾತ್ರೆ ಹಿಡಿದು ನಿಂತವಳು ಹಿಂದೊಮ್ಮೆ ಪಣವಾಗಿದ್ದವಳು ಎಂಬುದನ್ನು ಮರೆಯದೆ ಈ ದೃಶ್ಯವನ್ನು ಓದಬೇಕು.

ಇಷ್ಟು ಓದಿದ ಮೇಲೆ ಪೋಕರ್ ಪುಸ್ತಕಗಳಿಗೆ ಕಾವ್ಯದಿಂದ ಕೇಳಬೇಕಾದ ಪ್ರಶ್ನೆ ಒಂದು ಉಳಿಯುತ್ತದೆ. ಅವು ಸುಳ್ಳು ಹೇಳುವುದಿಲ್ಲ. ಎಣಿಸಲು, ಕಾಯಲು, ಬಿಟ್ಟುಕೊಡಲು ಕಲಿಸುವ ಯಾವ ವಿದ್ಯೆಯೂ ಕೆಟ್ಟದ್ದಲ್ಲ. ಆದರೆ ಜಾಗದವನ ಪಾಲನ್ನು ಓದುವವನು ಬೇಗ ಮರೆಯುತ್ತಾನೆ. ಆರು ಜನ ತಲಾ 500 ತಂದು ಕೂತರು, ಒಟ್ಟು 3,000. ಪ್ರತಿ ಆಟದಲ್ಲಿ ಸರಾಸರಿ 100 ರೂಪಾಯಿ ಕೂಡುತ್ತದೆ, ಜಾಗದವನು ನೂರಕ್ಕೆ ಐದು ತೆಗೆಯುತ್ತಾನೆ, ಗಂಟೆಗೆ ಮೂವತ್ತು ಆಟ ಎನ್ನೋಣ. ಗಂಟೆಗೆ 150 ಹೋಯಿತು. ಇಪ್ಪತ್ತು ಗಂಟೆ ಕಳೆದರೆ ಹಾಸಿನ ಮೇಲಿನ 3,000 ಪೂರ್ತಿ ಹೋಯಿತು. ಆರು ಜನರಲ್ಲಿ ಯಾರು ಎಷ್ಟು ಕಲಿತಿದ್ದರೂ ಈ ಲೆಕ್ಕ ಬದಲಾಗುವುದಿಲ್ಲ, ಯಾರು ಮೊದಲು ಬರಿದಾಗುತ್ತಾರೆಂಬುದು ಮಾತ್ರ ಬದಲಾಗುತ್ತದೆ. ಪಣ ಚಿಕ್ಕದಾದಷ್ಟೂ ಈ ಪಾಲಿನ ಭಾರ ಹೆಚ್ಚು. ಇದು ಹೊಸ ಸಂಗತಿಯಲ್ಲ. ಆರ್. ಶಾಮಶಾಸ್ತ್ರಿಗಳು ಮೈಸೂರಿನ ಓರಿಯೆಂಟಲ್ ಲೈಬ್ರರಿಯಲ್ಲಿ ಗುರುತಿಸಿ 1909ರಲ್ಲಿ ಪ್ರಕಟಿಸಿದ ಕೌಟಿಲ್ಯನ ‘ಅರ್ಥಶಾಸ್ತ್ರ’ದಲ್ಲಿ ದ್ಯೂತಾಧ್ಯಕ್ಷನು ಗೆದ್ದ ಪಣದಲ್ಲಿ ನೂರಕ್ಕೆ ಐದು ತೆಗೆದುಕೊಳ್ಳಬೇಕೆಂದಿದೆ. ದಾಳದ ಬಾಡಿಗೆ, ನೀರಿನ ಬಾಡಿಗೆ, ಜಾಗದ ಬಾಡಿಗೆ ಬೇರೆ.

ಕಾನೂನು ಬಹಳ ಕಾಲ ಕೌಶಲವೋ ಅದೃಷ್ಟವೋ ಎಂಬ ತಕ್ಕಡಿಯಲ್ಲಿ ತೂಗುತ್ತ ಬಂತು. ಸುಪ್ರೀಂ ಕೋರ್ಟು 1967ರಲ್ಲಿ ರಮ್ಮಿಯನ್ನು ಮುಖ್ಯವಾಗಿ ಕೌಶಲದ ಆಟವೆಂದಿತು. ಕರ್ನಾಟಕ ಪೊಲೀಸ್ ಕಾಯ್ದೆಗೆ 2021ರಲ್ಲಿ ತಂದ ತಿದ್ದುಪಡಿಯ ಮುಖ್ಯ ಭಾಗಗಳನ್ನು ಹೈಕೋರ್ಟು 2022ರ ಫೆಬ್ರುವರಿಯಲ್ಲಿ ರದ್ದು ಮಾಡಿತು. 2025ರ ಆಗಸ್ಟಿನಲ್ಲಿ ಸಂಸತ್ತು ಒಪ್ಪಿದ ಆನ್‌ಲೈನ್ ಆಟಗಳ ಕಾಯ್ದೆ ಈ ತಕ್ಕಡಿಯನ್ನೇ ಪಕ್ಕಕ್ಕಿಟ್ಟಿತು: ಕೌಶಲವಿರಲಿ ಅದೃಷ್ಟವಿರಲಿ, ಆನ್‌ಲೈನಿನಲ್ಲಿ ಹಣ ಕಟ್ಟಿ ಆಡಿಸುವುದಕ್ಕೆ ನಿಷೇಧ. ಅದರ ಸರಿತಪ್ಪು ಚರ್ಚೆಗೆ ಬಿಟ್ಟದ್ದು. ಆದರೆ ಆಟ ಯಾವ ಬಗೆಯದು ಎಂಬ ಪ್ರಶ್ನೆಯಿಂದ ಪಣ ಯಾರದು ಎಂಬ ಪ್ರಶ್ನೆಯ ಕಡೆಗೆ ಅದು ಒಂದು ಹೆಜ್ಜೆ ಸರಿದಿದೆ, ಅಂದರೆ ದ್ರೌಪದಿಯ ಕಡೆಗೆ.

ಏಕೆಂದರೆ ‘ಹೋದರೂ ಹೋಯಿತೆನ್ನುವ ಹಣ’ ಎಂಬ ಪುಸ್ತಕದ ಮಾತು ರಬಕವಿ-ಬನಹಟ್ಟಿಯ ನೇಕಾರನ ಮನೆಯಲ್ಲಿ ಅರ್ಥ ಕಳೆದುಕೊಳ್ಳುತ್ತದೆ. ನೇಯ್ದ ಸೀರೆಯ ಲೆಕ್ಕದಲ್ಲಿ ಬರುವ ಮಜೂರಿಯಲ್ಲಿ ಕಂಡಿಕೆ ಸುತ್ತಿದ ಹೆಂಡತಿಯ ಕೈಯೂ ಸೇರಿದೆ. ಮುಧೋಳ, ಜಮಖಂಡಿಯ ರೈತನಿಗೆ ಕಬ್ಬಿನ ಬಿಲ್ಲು ಒಟ್ಟಿಗೆ ಬಂದಾಗ ಅದು ದೊಡ್ಡ ಮೊತ್ತದಂತೆ ಕಾಣುತ್ತದೆ, ಆದರೆ ಅದರೊಳಗೆ ಬೀಜ, ಗೊಬ್ಬರ, ಸಾಲ, ಮಗಳ ಕಾಲೇಜಿನ ಫೀ ಎಲ್ಲ ಅಡಗಿವೆ. ಬೀಳಗಿ ಸೀಮೆಯಲ್ಲಿ ಆಲಮಟ್ಟಿಯ ಹಿನ್ನೀರಿಗೆ ಹೊಲ ಕೊಟ್ಟವನ ಕೈಗೆ ಬಂದ ಪರಿಹಾರದ ಹಣ ಇನ್ನೊಂದು ಸಲ ಬರುವುದಿಲ್ಲ. ಇಂಥ ಹಣದಲ್ಲಿ ಆಟದ ಪಾಲು ಎಂದು ಬೇರೆ ತೆಗೆದಿಡಲು ಒಬ್ಬನಿಗೇ ಹಕ್ಕಿದೆಯೇ? ಋಗ್ವೇದದ ಜೂಜುಗಾರನ ಸೂಕ್ತ ಕೊನೆಗೆ ಹೇಳುವುದು ದಾಳ ಬಿಟ್ಟು ಹೊಲ ಉಳು ಎಂದು. ಹೊಲವನ್ನೇ ಪಣಕ್ಕೆ ಇಡಬಹುದೆಂದು ಆ ಕವಿಗೂ ಗೊತ್ತಿದ್ದಿರಬೇಕು.

ಆದ್ದರಿಂದ ಸಣ್ಣ ಪಣದ ಆಟ ಕಲಿಯಬಾರದೆಂದು ಹೇಳುವ ಅಗತ್ಯ ನನಗೆ ಕಾಣುವುದಿಲ್ಲ. ಕೊಬ್ಬರಿ ಪಣದ ಪಂಚಮಿ ಇರಲಿ, ಗೆಳೆಯರ ನಡುವೆ ಗುಂಡಿಯನ್ನೋ ಕಡಲೆಕಾಳನ್ನೋ ಇಟ್ಟು ಪೋಕರಿನ ಲೆಕ್ಕ ಕಲಿಯುವ ವಿದ್ಯಾರ್ಥಿಗಳೂ ಇರಲಿ. ನಾಲ್ಕರಲ್ಲಿ ಮೂರು ಸಲ ಎಲೆ ಕೆಳಗಿಡುವುದನ್ನು ಕಲಿತವನು ಬದುಕಿನಲ್ಲಿ ಬೇರೆ ಕೆಲವನ್ನೂ ಕೆಳಗಿಡಬಲ್ಲ. ಆದರೆ ‘ಗದಾಯುದ್ಧ’ವನ್ನು ಪಾಠ ಹೇಳುವ ತರಗತಿಯಲ್ಲಿ ಛಲದ ಹೊಗಳಿಕೆಯ ಜೊತೆಗೆ ಆ ಬೆವರನ್ನೂ ವಿವರಿಸಿ ಹೇಳಬೇಕು. ಧರ್ಮರಾಯನ ಸೋಲಿಗೆ ಶಕುನಿಯನ್ನು ಬಯ್ಯುವ ಮೊದಲು ದ್ರೌಪದಿಯ ಪ್ರಶ್ನೆಯನ್ನು ಅವನಿಗೇ ಕೇಳಬೇಕು. ಆ ಪ್ರಶ್ನೆಗೆ ಹಸ್ತಿನಾವತಿಯ ಹಿರಿಯರು ಉತ್ತರ ಕೊಡಲಿಲ್ಲ. ಸಂಜೆ ಮಜೂರಿ ಎಣಿಸಿಕೊಂಡು ಮನೆಗೆ ಹೊರಟ ನೇಕಾರ, ದಾರಿಯ ಕಟ್ಟೆಯ ಮೇಲೆ ಯಾರಾದರೂ ಎಲೆ ಕಲೆಸುವ ಸದ್ದು ಕೇಳಿದಾಗ, ಅದಕ್ಕೆ ತಾನೇ ಉತ್ತರ ಕೊಟ್ಟುಕೊಳ್ಳಬೇಕಾಗುತ್ತದೆ.